ಸೊಳ್ಳೆಗೆ ಪ್ರತ್ಯೇಕ ಶುಲ್ಕವಿಲ್ಲ

ಶನಿವಾರ, ಬೆಳಗ್ಗೆ ಏಳು ಗಂಟೆ. ಸ್ಥಳ: ಹೊನ್ನಾವರದಲ್ಲಿ ನಮ್ಮ ಮನೆಯ ಜಗುಲಿ. ಹಾಜರಿದ್ದವರು: ನಾನು, ನನ್ನ ತಮ್ಮ ಸುರೇಶ, ಎರಡು ಲೋಟ ಚಹಾ, ನನ್ನ ಲ್ಯಾಪ್‌ಟಾಪ್. ಗೈರುಹಾಜರು: ಸುರೇಶನ ಹೆಂಡತಿ ಸುಜಾತಾ. (ತೆಂಗಿನಕಾಯಿ ಕೊಯ್ಲೆಂದು ತವರಿಗೆ, ಮುಟ್ಟಳ್ಳಿಗೆ ಹೋಗಿದ್ದಳು. ಮಧ್ಯಾಹ್ನದ ಬಸ್ಸಿಗೆ ಬರುವವಳು.)

ನಾನು ಆಸ್ಪತ್ರೆಯಲ್ಲಿ ನರ್ಸುಗಳ ಮೇಲಿನ ಮೇಟ್ರನ್ ಆಗಿ ನಿವೃತ್ತಳಾದವಳು. ಯಾರಿದ್ದರು, ಎಷ್ಟು ಹೊತ್ತಿಗೆ, ಏನಾಯಿತು. ಇಷ್ಟು ಹೇಳದೆ ನಮ್ಮಲ್ಲಿ ಪಾಳಿ ಬದಲಾಗುತ್ತಿರಲಿಲ್ಲ.

ಏನಾಯಿತು? ಹೇಳುತ್ತೇನೆ.

ಸುರೇಶ ಹಿತ್ತಲಿನಲ್ಲಿ, ಶರಾವತಿಯ ದಡಕ್ಕೆ, ಮೂರು ಕೋಣೆ ಕಟ್ಟಿ ಪ್ರವಾಸಿಗರಿಗೆ ಕೊಡುತ್ತಾನೆ. ಮಳೆಗಾಲ ಕಳೆದ ಮೇಲೆ ಮೊದಲ ಸಲ ಮೂರೂ ಬುಕ್ ಆಗಿದ್ದವು. ಹುಬ್ಬಳ್ಳಿಯ ದೊಡ್ಡ ಕುಟುಂಬವೊಂದು ಮರುದಿನ ಬೆಳಗ್ಗೆ ಬರುವುದಿತ್ತು. ಆ ಖುಷಿಯಲ್ಲಿ, ತನ್ನ ವೆಬ್‌ಸೈಟನ್ನು ದೊಡ್ಡ ಪರದೆಯಲ್ಲಿ ನೋಡಬೇಕೆಂದು ನನ್ನ ಲ್ಯಾಪ್‌ಟಾಪ್ ತೆರೆದ. ಕೋಣೆಯ ಚಂದದ ಫೋಟೊ ಬಂತು. ಅದರ ಕೆಳಗೆ ಒಂದು ಹಳದಿ ಚೌಕ. ಚೌಕದೊಳಗೆ ದಪ್ಪ ಅಕ್ಷರ:

"ಬನ್ನಿ, ತಂಗಿರಿ! ಕಿಟಕಿ ತೆರೆದರೆ ನದಿ, ಮುಚ್ಚಿದರೆ ಸೆಕೆ. ಸೊಳ್ಳೆಗೆ ಪ್ರತ್ಯೇಕ ಶುಲ್ಕವಿಲ್ಲ."

ಸುರೇಶನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಎಂತ ಅಕ್ಕಾ ಇದು?"

"ಜಾಹೀರಾತು."

"ನಾ ಹಾಕ್ಲಿಲ್ಲ."

"ನೀ ಹಾಕಿದ್ರೆ ಹೊಗಳ್ಕಂತಿದ್ದೆ, ಅಲ್ದಾ?"

ಪುಟವನ್ನು ಮುಚ್ಚಿ ಮತ್ತೆ ತೆರೆದೆವು. ಈ ಸಲ ಹಸಿರು ಚೌಕ. "ಬಿಸಿನೀರು ಇಪ್ಪತ್ನಾಲ್ಕು ಗಂಟೆ. ಬಿಸಿಲಿದ್ದರೆ."

ನಿಜ ಹೇಳಬೇಕೇ? ನಗು ಬಂತು. ನುಂಗಿಕೊಂಡೆ. ತಮ್ಮನ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು.

ಅವನ ಅನುಮಾನ ದೂರವೇನೂ ಹೋಗಲಿಲ್ಲ. ಬೇಲಿ ಹಾರಿ ನೇರ ಪಕ್ಕದ ಮನೆಯ ಫಿಲಿಪನ ಮೇಲೆ ಕುಳಿತಿತು. ಫಿಲಿಪ್ ಮೊದಲು ಮೀನಿಗೆ ಹೋಗುತ್ತಿದ್ದವನು. ಈಗ ದೋಣಿಗೆ ಚಾವಣಿ ಹಾಕಿ, ಕುರ್ಚಿ ಇಟ್ಟು, ಪ್ರವಾಸಿಗರಿಗೆ ನದಿ ತೋರಿಸುತ್ತಾನೆ. ಅವನಿಗೂ ಒಂದು ವೆಬ್‌ಸೈಟ್ ಇದೆ. ಸುರೇಶನಿಗೆ ದೋಣಿಯಿಲ್ಲ, ಫಿಲಿಪನಿಗೆ ದೋಣಿ ನಿಲ್ಲಿಸುವ ದಕ್ಕೆಯಿಲ್ಲ. ಹಾಗಾಗಿ ಇವನ ಅತಿಥಿಗಳು, ಅವನ ದೋಣಿ, ನಮ್ಮ ಹಿತ್ತಲಿನ ದಕ್ಕೆ. ಚಡ್ಡಿ ಹಾಕುವ ಕಾಲದಿಂದಲೂ ಗೆಳೆಯರು.

ಮತ್ತೆ ಅವನ ಮೇಲೇ ಏಕೆ ಅನುಮಾನ?

"ಸೊಳ್ಳೆ ವಿಷ್ಯ ತೆಗೆಯೋನು ಊರಲ್ಲಿ ಅವ ಒಬ್ನೇ" ಎಂದ ಸುರೇಶ.

ಫಿಲಿಪನನ್ನು ಕರೆಸಿದೆ. (ನಾನು ಕರೆಸಿದರೆ ಬರುತ್ತಾನೆ. ಚಿಕ್ಕಂದಿನಲ್ಲಿ ಇಬ್ಬರಿಗೂ ಮೂಗು ಹಿಡಿದು ಹುಳದ ಔಷಧಿ ಕುಡಿಸಿದವಳು ನಾನು.) ಬಂದವನು ಪರದೆ ನೋಡಿದ. ಮೀಸೆ ಕುಣಿಯಿತು.

"ಬರ್ದವ್ರು ಲಾಯ್ಕ ಬರ್ದಿದ್ದಾರೆ. ಆದ್ರೆ ನಾ ಅಲ್ಲ ಮಾರಾಯ."

"ಮತ್ಯಾರು?"

"ಸೊಳ್ಳೆಗಳೇ ಹಾಕ್ಸಿರ್ಬೇಕು. ಅವಕ್ಕೂ ಬಿಸ್ನೆಸ್ ಬೇಡ್ವಾ? ತಡಿ, ನನ್ನ ಫೋನಲ್ಲಿ ನೋಡ್ತೆ."

ಅವನು ಕಿಸೆಗೆ ಕೈ ಹಾಕಿದ. ನಾನು ತಡೆದೆ. "ಫೋನು ಒಳಗಿಡು. ಒಂದು ಜ್ವರಕ್ಕೆ ಒಂದೇ ಥರ್ಮಾಮೀಟರು." ಎರಡು ಕಡೆ ನೋಡಿದರೆ ಎರಡು ಉತ್ತರ ಬಂದು ಗೊಂದಲವಾಗುತ್ತದೆ ಎಂಬುದು ನನ್ನ ಬಹುಕಾಲದ ಶಿಸ್ತು. ಫಿಲಿಪ್ ವಿಧೇಯನಾಗಿ ಫೋನು ಒಳಗಿಟ್ಟ. (ಆ ದಿನ ಕೆಟ್ಟದ್ದು ಇಲ್ಲಿಂದಲೇ. ಶಿಸ್ತಿಗೂ ಒಮ್ಮೊಮ್ಮೆ ರಜೆ ಕೊಡಬೇಕು.)

"ಹಂಗಾರೆ ನನ್ನ ಪುಟನೂ ಇದ್ರಲ್ಲೇ ತೆಗಿ ಅಕ್ಕಾ. ವೆಬ್‌ಸೈಟ್ ಹ್ಯಾಂಗಿರ್ಬೇಕು ಅಂತ ಇವನೂ ನೋಡ್ಲಿ."

ತೆಗೆದೆ. ಸಂಜೆಯ ಬೆಳಕಿನಲ್ಲಿ ಅವನ ದೋಣಿ. ಕೆಳಗೆ ಹಳದಿ ಚೌಕ: "ದೋಣಿ ವಿಹಾರ! ಹೋಗುವಾಗ ಎಂಜಿನ್. ಬರುವಾಗ ದೇವರು."

ನಗುವ ಸರದಿ ಈಗ ಸುರೇಶನದು. ನಗಬಾರದಿತ್ತು.

"ಓಹೋ" ಎಂದ ಫಿಲಿಪ್. "ಕರ್ಸಿ, ಕೂರ್ಸಿ, ಇದನ್ನ ತೋರ್ಸೂಕೆ ಮಾಡಿದ್ದ ನಾಟ್ಕವಾ?"

"ನಾ ಎಂತಕ್ಕೆ ಮಾಡ್ಲಿ?"

"ಆ ಸಲ ಬರುವಾಗ ಎಂಜಿನ್ ನಿಂತದ್ದು ನಿಂಗಲ್ದೆ ಮತ್ಯಾರಿಗೆ ಗೊತ್ತು? ಆವತ್ತು ಹಗ್ಗ ಕಟ್ಟಿ ದೋಣಿ ದಡಕ್ಕೆ ಎಳ್ಕಂಡ್ ಬಂದವ ನೀನೇ ಅಲ್ಲವಾ?"

"ಎಳೆದವ್ನೂ ನಾನು, ಬೈಸ್ಕಣೂದೂ ನಾನಾ?"

ಫಿಲಿಪ್ ಎದ್ದ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿದ. "ನಾಳೆ ನಿನ್ನ ದಕ್ಕೆಗೆ ದೋಣಿ ಬರೂದಿಲ್ಲ. ಹುಬ್ಬಳ್ಳಿಯವ್ರಿಗೆ ಸೊಳ್ಳೆ ತೋರ್ಸು."

ಹೋದ. ಸುರೇಶ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟ. ಹುಬ್ಬಳ್ಳಿಯವರು ಬರುವುದೇ ದೋಣಿಗಾಗಿ. ಬುಕ್ ಮಾಡುವಾಗ ಕೋಣೆಯ ಬಗ್ಗೆ ಅವರು ಒಂದು ಮಾತೂ ಕೇಳಿರಲಿಲ್ಲ.

"ಬರಬೇಡಿ ಅಂತ ಫೋನ್ ಮಾಡೂದಾ ಅಕ್ಕಾ?" ಎಂದ. ಆಮೇಲೆ, "ಅವ್ರದ್ದು ಹಾಳಾಗ್ಲಿ. ಫಿಲಿಪ ನನ್ನ ಹತ್ರ ಹಿಂಗೆ ಮಾತಾಡಿದ್ದು ಇದೇ ಮೊದ್ಲು" ಎಂದ.

ಮಧ್ಯಾಹ್ನದೊಳಗೆ ನಮ್ಮ ಅನುಮಾನ ಕುಮಟಾದ ಹೋಮ್‌ಸ್ಟೇಗಳನ್ನು ದಾಟಿ ಓಂ ಬೀಚ್ ತಲುಪಿತ್ತು. ಹಲ್ಲಿ ಕಂಡು ಕೋಣೆ ಬಿಟ್ಟು ಓಡಿದ್ದ ಹಳೆಯ ಅತಿಥಿಯೊಬ್ಬರನ್ನೂ ನಾವು ಬಿಡಲಿಲ್ಲ.

ಮೂರು ಗಂಟೆಗೆ ಸುಜಾತಾ ಬಂದಳು, ತೆಂಗಿನಕಾಯಿಯ ಚೀಲದ ಸಮೇತ. ಗಂಡನ ಮುಖ ನೋಡಿ, "ಯಾರಾದ್ರೂ ತೀರ್ಕಂಡ್ರಾ?" ಎಂದಳು. ನಾನು ವರದಿ ಒಪ್ಪಿಸಿದೆ. ಅವಳು ಚೀಲ ಇಳಿಸಿ, ಸೆರಗು ಬಾಯಿಗೊತ್ತಿ, ಕಂಬ ಹಿಡಿದುಕೊಂಡು ನಕ್ಕಳು.

"ಅತ್ತಿಗೆ, ಅದು ಲೋಕದಲ್ಲೆಲ್ಲ ನಿಮ್ಮ ಲ್ಯಾಪ್‌ಟಾಪ್ ಒಂದ್ರಲ್ಲೇ ಕಾಣೂದು!"

ವಿಷಯ ಹೀಗಿದೆ. ಯಾವ ಪುಟ ತೆರೆದರೂ ಮಂಡಿನೋವಿನ ಎಣ್ಣೆಯ ಜಾಹೀರಾತು, ಏನಾದರೂ ಮಾಡು ಎಂದು ನಾನೇ ಅವಳಿಗೆ ಹೇಳಿದ್ದೆ. ತವರಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ನನ್ನ ಬ್ರೌಸರ್‌ಗೆ ಆಡ್-ಆನ್ ಎಂಬ ಒಂದು ಬಾಲಂಗೋಚಿ ಅಂಟಿಸಿದ್ದಳು. ಅದು ನಿಜವಾದ ಜಾಹೀರಾತನ್ನು ಮುಚ್ಚಿ ತಮಾಷೆಯದನ್ನು ತೋರಿಸುತ್ತದೆ. ಜಾಹೀರಾತಿಲ್ಲದ ಪುಟದಲ್ಲೂ ತಾನೇ ಜಾಗ ಮಾಡಿಕೊಳ್ಳುತ್ತದೆ. ಯಾವ ಪುಟಕ್ಕೆ ಯಾವ ಸಾಲು ಎಂದು ನಾವೇ ಬರೆದಿಡಬಹುದು. ಅವಳು ಬರೆದಿಟ್ಟಿದ್ದಳು. ನನಗೆ ಹೇಳಿರಲಿಲ್ಲ.

"ನೀವೊಬ್ರೇ ನೋಡಿ ನಗಾಡ್ಲಿ ಅಂತ ಮಾಡ್ದೆ. ಪಂಚಾಯ್ತಿಕೆ ಕೂರ್ಸ್ತ್ರಿ ಅಂತ ಯಾರಿಗೆ ಗೊತ್ತು?"

ಸುರೇಶ ಕೂಗಿದ. "ನನ್ನ ಕೋಣೆ ಬಗ್ಗೆ ಹಿಂಗೆಲ್ಲ ಬರೀತ್ಯಾ ನೀನು?"

"ಬರ್ದದ್ದು ನಾನು. ಮಾತು ನಂದಲ್ಲ. ಸೊಳ್ಳೆದು ಫಿಲಿಪಣ್ಣ ಸಿಕ್ಕಿದವ್ರಿಗೆಲ್ಲ ಹೇಳೂದು. ಎಂಜಿನ್ನಿಂದು ನೀವು ಊಟಕ್ಕೆ ಕೂತಾಗ ಹೇಳೂದು. ಬಿಸಿನೀರಿಂದು ಅತ್ತಿಗೆಯವ್ರದ್ದು."

ಸುರೇಶ ನನ್ನ ಕಡೆ ತಿರುಗಿದ. (ಬಿಸಿನೀರಿನ ಬಗ್ಗೆ ನಾನು ಹಾಗೆ ಹೇಳಿದ್ದು ಹೌದು. ಅದರಲ್ಲಿ ಸುಳ್ಳೇನಿದೆ?)

ನಮ್ಮ ಕಡೆಯ ಹೋಮ್‌ಸ್ಟೇ ಜಾಹೀರಾತುಗಳನ್ನು ನೀವೂ ನೋಡಿದ್ದೀರಿ. ಎಲ್ಲವೂ ಪ್ರಕೃತಿಯ ಮಡಿಲಿನಲ್ಲೇ ಇವೆ. ಆ ಮಡಿಲಿನಲ್ಲಿ ಏನೇನು ಕಚ್ಚುತ್ತದೆ ಎಂದು ಒಬ್ಬರಾದರೂ ಬರೆಯುತ್ತಾರೆಯೇ? ಸುಜಾತಾ ಬರೆದಳು. ಪಾಪ, ಸುಳ್ಳು ಜಾಹೀರಾತು ಎಂದುಕೊಂಡೇ ಬರೆದಳು.

ಫಿಲಿಪನ ಮನೆಗೆ ಹೊರಟೆವು. ಸುರೇಶ ಬರುವುದಿಲ್ಲ ಎಂದ. "ಆತು, ಬರೂದ್ ಬೇಡ" ಎಂದಳು ಸುಜಾತಾ. "ನಾಳೆ ಹುಬ್ಬಳ್ಳಿಯವ್ರನ್ನ ಬೆನ್ನ ಮೇಲೆ ಕೂರ್ಸ್ಕಂಡು ಈಜಿ." ಬಂದ.

ಫಿಲಿಪ್ ಅಂಗಳದಲ್ಲಿ ಹಗ್ಗ ಸುತ್ತುತ್ತಿದ್ದ. ನಮ್ಮನ್ನು ನೋಡಿಯೂ ಸುತ್ತುತ್ತಲೇ ಇದ್ದ. ಸುಜಾತಾ ಎಲ್ಲವನ್ನೂ ಹೇಳಿದಳು, ಯಾವ ಮಾತು ಯಾರದು ಎಂಬುದನ್ನೂ. ನಾನು ಫೋನು ತೆಗೆಯಲು ಅನುಮತಿ ಕೊಟ್ಟೆ. ಅವನು ತನ್ನ ಪುಟವನ್ನು ಮೇಲೆ ಕೆಳಗೆ ಜಾರಿಸಿದ. ಯಾವ ಚೌಕವೂ ಇರಲಿಲ್ಲ. ನನ್ನ ಕಣ್ಣಿಗೆ ಅವನಿಗೆ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು.

ಆಮೇಲೆ ಸುರೇಶನ ಕಡೆ ತಿರುಗಿದ. "ಊಟಕ್ಕೆ ಕೂತಾಗ ದಿನಾ ಹೇಳ್ತ್ಯಾ?"

"ದಿನಾ ಅಲ್ಲ. ಮೀನಿದ್ದ ದಿನ ಮಾತ್ರ. ನೀನು?"

ಫಿಲಿಪ್ ಲುಂಗಿ ಎತ್ತಿ ಕಾಲು ಮುಂದೆ ಮಾಡಿದ. ಮೀನಖಂಡದ ತುಂಬ ಕೆಂಪು ಗುಳ್ಳೆ. "ನೋಡು. ನಿನ್ನ ಕೋಣೇಲಿ ಕೂತದ್ದಕ್ಕೆ ಇಷ್ಟು. ಕಿಟಕಿಗೆ ಜಾಲರಿ ಹೊಡಿ ಅಂತ ನಿಂಗೆ ಹೇಳಿದ್ರೆ ಸಿಟ್ಟು ಬರ್ತದೆ. ಅದ್ಕೇ ಬೇರೆಯವ್ರಿಗೆ ಹೇಳ್ತೆ."

"ಎಂಜಿನ್ ಬಿಚ್ಚಿ ನೋಡು ಅಂದ್ರೆ ನಿಂಗೆ ಬರೂದಿಲ್ವಾ ಸಿಟ್ಟು?"

"ಬರ್ತದೆ."

"ಆತಲ್ಲ ಮತ್ತೆ."

ಅಷ್ಟೇ. ಕ್ಷಮೆ ಕೇಳುವ ಅಭ್ಯಾಸ ಇಬ್ಬರಿಗೂ ಇಲ್ಲ. ಜಾಲರಿ ಹೊಡೆದರೆ ದೋಣಿ ಬರುತ್ತದೆ ಎಂದ ಅವನು. ಎಂಜಿನ್ ಬಿಚ್ಚಿದರೆ ಜಾಲರಿ ಹೊಡೆಯುತ್ತೇನೆ ಎಂದ ಇವನು. ಎರಡೂ ಈಗಲೇ, ಒಟ್ಟಿಗೇ ಎಂದೆ ನಾನು. ಅಲ್ಲಿಗೆ ಚರ್ಚೆ ಮುಗಿಯಿತು.

ಸುಜಾತಾ ಪೇಟೆಗೆ ಹೋಗಿ ಜಾಲರಿ ತಂದಳು. ಫಿಲಿಪ್ ದಕ್ಕೆಯಲ್ಲೇ ಎಂಜಿನ್ ಬಿಚ್ಚಿದ. ಎಣ್ಣೆ ಹೋಗುವ ಪೈಪಿನಿಂದ ಅಂಗೈ ತುಂಬ ಕಸ ಬಂತು. ಸುರೇಶ ಏನೂ ಅನ್ನಲಿಲ್ಲ. (ಅನ್ನಲು ಬಾಯಿ ತೆರೆದಿದ್ದ. ಬಾಯಲ್ಲಿ ಮೊಳೆ ಇದ್ದವು.) ಹೊತ್ತು ಮುಳುಗುವ ಮೊದಲು ದೋಣಿ ನದಿಯ ನಡುವಿನವರೆಗೆ ಹೋಗಿ, ಎಂಜಿನ್ನಿನ ಬಲದಿಂದಲೇ ವಾಪಸು ಬಂತು.

ಆರೂವರೆಗೆ ಕೊನೆಯ ಕಿಟಕಿಯ ಕೊನೆಯ ಮೊಳೆ ಬಿತ್ತು. ಮೂಲೆ ಹಿಡಿದು ಎಳೆದು ನೋಡಿದೆ. ಗಟ್ಟಿಯಿತ್ತು. ದಿನದ ಕೆಲಸ ಮುಗಿಯಿತು.

ದುಡ್ಡು ಕೊಟ್ಟು ಹಾಕಿಸಿದ ಯಾವ ಜಾಹೀರಾತಾದರೂ ಒಂದೇ ದಿನದಲ್ಲಿ ಇಷ್ಟು ಕೆಲಸ ಮಾಡಿಸಿದ್ದನ್ನು ನೀವು ಕಂಡಿದ್ದೀರಾ?