ಮಂದೆಯ ಹಿಂದೆ ನಡೆದವನು

ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ರಾಯಪ್ಪ ಬೀರೂರಿನ ಸಣ್ಣ ಪ್ರಾರ್ಥನಾಲಯದ ಉಪದೇಶಿಯೂ ಆಗಿದ್ದ. ಪೂಜೆಗೆ ಪಾದ್ರಿ ಸ್ವಾಮಿಗಳು ಬರುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಓದಿ ಅರ್ಥ ಹೇಳುವುದು, ಯಾರಾದರೂ ತೀರಿಕೊಂಡರೆ ಶವದ ಮುಂದೆ ಶಿಲುಬೆ ಹಿಡಿದು ನಡೆಯುವುದು ಅವನ ಪಾಲಿಗೆ. ಶಿಲುಬೆ ಹಿಡಿದವನು ಹಿಂದೆ ತಿರುಗಬಾರದೆಂಬುದು ಅಲ್ಲಿನವರ ರೂಢಿ.

೧೯೫೮ರ ಮಾಗಿಯಲ್ಲಿ ಅವನ ಹೆಂಡತಿ ಜ್ಞಾನಮ್ಮ ಕ್ಷಯದಿಂದ ತೀರಿಕೊಂಡಾಗಲೂ ಶಿಲುಬೆ ಅವನ ಕೈಗೇ ಬಂತು. ರೈಲ್ವೆ ಗೇಟಿನಿಂದ ಸಮಾಧಿಯವರೆಗೆ ಅವಳ ಪೆಟ್ಟಿಗೆಯನ್ನು ಅವನು ಒಮ್ಮೆಯೂ ನೋಡಲಿಲ್ಲ. ಹೊತ್ತವರ ಏದುಸಿರು ಮಾತ್ರ ಬೆನ್ನಿಗೆ ಕೇಳುತ್ತಿತ್ತು.

ಈಸ್ಟರ್ ಕಳೆದ ಎರಡನೆಯ ಭಾನುವಾರ ಓದಬೇಕಾದದ್ದು, ಯೇಸು ತನ್ನನ್ನು ಒಳ್ಳೆಯ ಕುರುಬನೆಂದು ಕರೆದುಕೊಂಡ ಭಾಗ. ಹನ್ನೊಂದು ವರ್ಷ ರಾಯಪ್ಪ ಅದಕ್ಕೆ ಒಂದೇ ಅರ್ಥ ಹೇಳಿದ್ದ: ಕುರುಬ ಮುಂದೆ ನಡೆಯುತ್ತಾನೆ, ನಾವು ಹಿಂಬಾಲಿಸುತ್ತೇವೆ. ಈ ಸಲ ಅದನ್ನು ಹೇಳಲು ನಾಲಿಗೆ ಏಳದು ಅನ್ನಿಸಿತು. ಮುಂದೆ ಹೋದವನಿಗೆ ಹಿಂದೆ ಬಿದ್ದವಳು ಕಂಡಾಳೇ? ಉಪದೇಶಿಯ ಕೆಲಸ ಬಿಡುತ್ತೇನೆಂದು ಸ್ವಾಮಿಗಳಿಗೆ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡ.

ಶನಿವಾರ ಅಜ್ಜಂಪುರದ ಕಡೆಯ ಹಳಿಗೆ ಜಲ್ಲಿ ತುಂಬುತ್ತಿದ್ದಾಗ ಅವನ ಹಳೆಯ ಗೆಳೆಯ, ಯಗಟಿಯ ದೊಡ್ಡಬೀರಪ್ಪನ ಕುರಿಮಂದೆ ದಾಟಿಹೋಯಿತು. ಮುಂದೆ ಅವನ ತಮ್ಮನಿದ್ದ. ಕುರಿಗಳೆಲ್ಲ ಹೋಗಿ ಬಹಳ ಹೊತ್ತಿನ ಮೇಲೆ ದೊಡ್ಡಬೀರಪ್ಪ ಬಂದ. ಕಂಬಳಿಯ ಮಡಿಕೆಯಲ್ಲಿ ಆಗಷ್ಟೇ ಹುಟ್ಟಿದ ಮರಿ. ಪಕ್ಕದಲ್ಲಿ ಕುಂಟುತ್ತಿದ್ದ ತಾಯಿ.

"ಏನಪ್ಪಾ, ಯಜಮಾನನೇ ಹಿಂದೆ ಬಿದ್ದಿದ್ದೀಯಲ್ಲ!"

"ಲೇ ರಾಯಪ್ಪ, ಹಳಿ ಬಡಿದೂ ಬಡಿದೂ ನಿನ್ ತಲೇನೂ ಕಬ್ಬಿಣ ಆಗೈತೆ. ಮುಂದೆ ಹೋಗಾಕೆ ನನ್ ತಮ್ಮ ಸಾಕು ಕಣೋ. ಈದಿದ್ದು, ಕುಂಟಿದ್ದು ಮುಂದೆ ಬೀಳ್ತಾವಾ?"

"ಹೊತ್ಕೊಂಡ್ ಬಂದ್ರೂ ಸತ್ರೆ?"

ದೊಡ್ಡಬೀರಪ್ಪನ ನಗು ನಿಂತಿತು. ಜ್ಞಾನಮ್ಮನ ವಿಷಯ ಅವನಿಗೆ ಗೊತ್ತಿತ್ತು.

"ಸಾಯ್ತಾವೆ ಕಣೋ. ದಾರೀಲಿ ಬಿದ್ದು ಸಾಯಲ್ಲ. ನನ್ ಕೈಯಾಗೆ ಸಾಯ್ತಾವೆ."

ಮರುದಿನ ರಾಯಪ್ಪ ಆ ಭಾಗವನ್ನು ಓದಿ ಪುಸ್ತಕ ಮುಚ್ಚಿದ. "ಕುರುಬ ಹಿಂದೆನೂ ಇರ್ತಾನೆ. ಇಷ್ಟು ವರ್ಷ ಅದನ್ನ ನಿಮಗೆ ಹೇಳ್ಲಿಲ್ಲ, ತಪ್ಪಾಯ್ತು" ಎಂದಷ್ಟೇ ಹೇಳಿ ಕೂತುಬಿಟ್ಟ. ಕಾಗದವನ್ನು ಕಳಿಸಲಿಲ್ಲ. ದುಃಖವೇನೂ ಕಡಿಮೆಯಾಗಲಿಲ್ಲ; ಊಟ ಮೊದಲಿನಂತೆ ಸೇರಲೂ ಇಲ್ಲ. ಆದರೆ ಅಂದಿನಿಂದ ಶಿಲುಬೆಯನ್ನು ಬೇರೆಯವರ ಕೈಗೆ ಕೊಟ್ಟು, ಶವದ ಹಿಂದಿನ ಸಾಲಿನ ಕೊನೆಯಲ್ಲಿ ಕಾಲು ಸೋತ ಮುದುಕಿಯರ ಜೊತೆ ಬರತೊಡಗಿದ.

ಒಂಬತ್ತು ವರ್ಷ ಹಾಗೆ ನಡೆದ. ಅವನನ್ನು ಹೊತ್ತುಕೊಂಡು ಹೋದ ದಿನ ಆ ಮುದುಕಿಯರು ಹಿಂದೆ ಉಳಿದರು. ಶವಕ್ಕೆ ಮರ್ಯಾದೆಯೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದ ದೊಡ್ಡಬೀರಪ್ಪ ಅವರಿಗಾಗಿ ನಿಂತ.