ಇಬ್ಬರಿಗೂ ಒಂದೇ ಗುಳಿಗೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದನ್ನು ಮುಚ್ಚಿಡುವ ಅಗತ್ಯ ನನಗೆಂದೂ ಕಂಡಿಲ್ಲ. ನಮ್ಮ ಮನೆಯವರಿಗೆ ಸೊಲ್ಲಾಪುರ ರಸ್ತೆಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇದೆ. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಾರೆ. ಪಂಪು ಕೆಟ್ಟರೆ ತೋಟದವರು ಹೊತ್ತು ತರುವುದಿಲ್ಲ, ಫೋನ್ ಮಾಡುತ್ತಾರೆ. ಇವರು ಗಾಡಿ ಹತ್ತಿ ತಿಕೋಟಾ, ಬಬಲೇಶ್ವರ, ಕಾಖಂಡಕಿ ಎಂದು ಹೊರಡುತ್ತಾರೆ. ಹೋದಲ್ಲಿ ಚಹಾ ಕೊಟ್ಟವರು ಯಾರು, ಊಟಕ್ಕೆ ಕರೆದವರು ಯಾರು ಎಂಬುದೆಲ್ಲ ನನಗೆ ಗೊತ್ತಾಗಬೇಕು. ಗೊತ್ತಾದರೆ ಸಂಕಟ, ಗೊತ್ತಾಗದಿದ್ದರೆ ಇನ್ನೂ ಸಂಕಟ.

ಅವರಿಗೆ ಈ ಕಾಯಿಲೆಯೇ ಇಲ್ಲ. ನಾನು ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಒಳಗೆ ಹಚ್ಚುವ ಅಸ್ತರು ಬಟ್ಟೆ, ದಾರ ತಂದುಕೊಡುವ ಒಬ್ಬ ವ್ಯಾಪಾರಿ ವಾರಕ್ಕೊಮ್ಮೆ ಬರುತ್ತಾನೆ. ನಗುಮುಖದವನು, ಮಾತುಗಾರ. ಅವನು ಬಂದಾಗ ನಾನು ಬೇಕೆಂದೇ ದೊಡ್ಡದಾಗಿ ನಕ್ಕಿದ್ದೇನೆ. ನಮ್ಮ ಮನೆಯವರು ಒಳಗಿನಿಂದ “ಅವಗೂ ಒಂದಿಷ್ಟ ಚಾ ಕೊಡು” ಎಂದಿದ್ದಾರೆಯೇ ಹೊರತು ಎದ್ದು ಬಂದಿಲ್ಲ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಓಣಿಯ ಹೆಂಗಸರು ಹೇಳುತ್ತಾರೆ. ಕದಿಯುವವರೇ ಇಲ್ಲವೆಂದು ಬಾಗಿಲು ತೆರೆದಿಟ್ಟು ಹೋಗುವ ಮನೆಯಂತೆ ನನ್ನನ್ನು ಬಿಟ್ಟು ಹೋಗುತ್ತಾರಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಹೋದ ವರ್ಷ ನನ್ನ ಕಣ್ಣು ಬಿದ್ದದ್ದು ಹೊನವಾಡದ ಒಬ್ಬ ತೋಟದಾಕೆಯ ಮೇಲೆ. ಗಂಡ ತೀರಿದ ಮೇಲೆ ದ್ರಾಕ್ಷಿ ತೋಟವನ್ನು ತಾನೇ ನೋಡಿಕೊಳ್ಳುತ್ತಾಳೆ. ಅವಳ ಪಂಪಿಗೆ ಅದೇನು ಶಾಪವೋ, ಊರಿನ ಎಲ್ಲ ಪಂಪುಗಳಿಗಿಂತ ಹೆಚ್ಚು ಕೆಡುತ್ತಿತ್ತು. ಅಲ್ಲಿಂದ ಬರುವಾಗ ಇವರ ಕೈಯಲ್ಲಿ ಒಣದ್ರಾಕ್ಷಿಯ ಪೊಟ್ಟಣ ಇರುತ್ತಿತ್ತು, ಆರಿಸಿ ತೆಗೆದ ಉದ್ದನೆಯ ಹಣ್ಣು. ನಾನು ಒಂದನ್ನೂ ಬಾಯಿಗೆ ಹಾಕಲಿಲ್ಲ.

ಅದೇ ಹೊತ್ತಿಗೆ ನನಗೆ ಬಿಳಿಸೆರಗು ಹೆಚ್ಚಾಯಿತು. ತುರಿಕೆ, ಉರಿ. ನಾಚಿಕೆಪಟ್ಟು ಸುಮ್ಮನಿದ್ದು, ಇನ್ನು ತಡೆಯಲಾಗದೆ ಊರೊಳಗಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಪರೀಕ್ಷೆ ಮಾಡಿದವರು ಸೂಕ್ಷ್ಮದರ್ಶಕದ ಮುಂದೆ ನನ್ನನ್ನೇ ಕೂರಿಸಿ “ನೋಡು” ಎಂದರು. ಸಣ್ಣದೊಂದು ಹನಿಯಂಥದ್ದು, ಬಾಲ ಅಲ್ಲಾಡಿಸುತ್ತ, ನನ್ನ ಮೈಯೇ ತನ್ನ ತವರುಮನೆ ಎಂಬಂತೆ ಓಡಾಡುತ್ತಿತ್ತು.

“ಇದು ಟ್ರೈಕೋಮೊನಾಸ್ ಅಂತ, ಒಂದಾ ಜೀವಕೋಶದ ಪರಾವಲಂಬಿ,” ಎಂದರು ಡಾಕ್ಟರಮ್ಮ. “ಹೊಟ್ಟಿ ಕೆಡಿಸೂ ಅಮೀಬಾ ಐತಲ್ಲ, ಅದೂ ಇಂಥಾದ್ದಾ. ಎರಡಕ್ಕೂ ಗುಳಿಗಿ ಒಂದಾ. ಆದ್ರ ಇದು ನೀರಿನಿಂದ ಬರೂದಿಲ್ಲವಾ, ಗಂಡ-ಹೆಂಡ್ತಿ ಕೂಡೂದ್ರಿಂದ ದಾಟತೈತಿ. ಗಂಡಸರಿಗೆ ತ್ರಾಸ ಗೊತ್ತಾಗೂದಾ ಕಡಿಮಿ. ನಿನ್ನ ಗಂಡನೂ ಕೂಡೇ ಗುಳಿಗಿ ತಗೋಬೇಕು, ಇಲ್ಲಂದ್ರ ತಿರುಗಿ ನಿನಗಾ ಬರತೈತಿ.”

“ಅವರಿಗೆ ಎಲ್ಲಿಂದ ಬಂತ್ರಿ?” ಎಂದೆ.

“ಅವರಿಂದನಾ ಬಂತು ಅಂತ ನಾ ಅಂದೇನೇನು? ಯಾರ ಮೈಯಾಗರೆ ಭಾಳ ದಿನ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ನ ಕುಂತಿರತೈತಿ. ಯಾರಿಂದ ಯಾರಿಗೆ ಬಂತು, ಯಾವಾಗ ಬಂತು, ನಮಗೂ ಹೇಳಾಕ ಬರೂದಿಲ್ಲ.”

ಅವರಿಗೆ ಹೇಳಲು ಬರದಿದ್ದರೇನು, ನನಗೆ ಬರುತ್ತಿತ್ತು. ಆ ಸಂಜೆ ಇವರು ಸ್ನಾನಕ್ಕೆ ಹೋದದ್ದೇ ತಡ, ರಿಪೇರಿ ಸಾಮಾನಿನ ಚೀಲ ಬಿಚ್ಚಿದೆ. ನಟ್ಟು ಬಿಚ್ಚುವ ಪಾನಾಗಳ ಕೆಳಗೆ ಗುಳಿಗೆಯ ಒಂದು ಪಟ್ಟಿ ಇತ್ತು, ಅರ್ಧ ಖಾಲಿಯಾದದ್ದು. ಹೆಸರು ಓದಿದೆ. ನನಗೆ ಕೊಟ್ಟಿದ್ದ ಗುಳಿಗೆಯೇ.

ಅಂದರೆ ಇವರಿಗೆ ಮೊದಲೇ ಗೊತ್ತಿತ್ತು. ತಾವು ವಾಸಿ ಮಾಡಿಕೊಂಡು ನನಗೆ ಹತ್ತಿಸಿ ಸುಮ್ಮನಿದ್ದಾರೆ. ಡಾಕ್ಟರಮ್ಮ ಇಬ್ಬರಿಗೂ ಕೊಟ್ಟ ಗುಳಿಗೆಗಳನ್ನು ಹಾಗೇ ಮುಚ್ಚಿಟ್ಟೆ. ಬೆಳಗಾದ ಕೂಡಲೇ ಹೊನವಾಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಆಡಬೇಕಾದ ಮಾತುಗಳನ್ನು ಹಲ್ಲು ಕಚ್ಚಿ ಜೋಡಿಸಿಕೊಂಡೆ.

ಅವಳು ಶೆಡ್ಡಿನ ನೆರಳಲ್ಲಿ ಒಣದ್ರಾಕ್ಷಿ ಆರಿಸುತ್ತ ಕೂತಿದ್ದಳು. ನನಗಿಂತ ಚೆಂದ ಇದ್ದಳು. ಅದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಯಾರೆಂದು ಹೇಳಿದೊಡನೆ ಎದ್ದು ಬಂದಳು.

“ಬರ್ರಿ ಅಕ್ಕಾರ, ಕುಂದರ್ರಿ. ಅವರ ಹೊಟ್ಟಿ ಈಗ ಆರಾಮ ಐತೇನ್ರಿ?”

“ಹೊಟ್ಟಿ?”

“ಅಯ್ಯ, ನಿಮಗ ಹೇಳಿಲ್ಲೇನ್ರಿ? ಹಿಂದಿನ ಸಲ ಬಂದಾಗ ಭಾಳ ಕೆಟ್ಟಿತ್ತು. ಪಂಪ ಬಿಚ್ಚೂದು, ತಂಬಿಗಿ ತಗೊಂಡು ಓಡೂದು. ನಮ್ಮ ಮಾವಗ ಅಮೀಬಾಕ್ಕಂತ ಬರದ ಗುಳಿಗಿ ಉಳದಿದ್ವು, ಅವನ್ನ ಕೊಟ್ಟೆ. ಮಜ್ಜಿಗಿ ಅನ್ನ ಉಣಿಸಿ ಕಳಿಸಿದ್ನಿ. ಮನ್ಯಾಗ ಹೇಳಿದ್ರ ಆಕಿ ಗಾಬರಿ ಆಗ್ತಾಳ ಅಂದ್ರು.”

ಹೊರಸಿನ ಮೇಲೆ ಮಲಗಿದ್ದ ಅವಳ ಮಾವ “ಹೌದವಾ, ನನ್ನ ಗುಳಿಗಿನಾ ಅವು” ಎಂದ.

 ಅವಳು ಕೊಟ್ಟ ಚಹಾ ಕುಡಿದು ಎದ್ದೆ. ಬಸ್ಸಿನಲ್ಲಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾದರದ ಅನುಮಾನಕ್ಕಿಂತ ಆ ಮಜ್ಜಿಗೆ ಅನ್ನ ನನ್ನನ್ನು ಹೆಚ್ಚು ಸುಟ್ಟಿತು. ನನ್ನ ಗಂಡನ ಹೊಟ್ಟೆ ಕೆಟ್ಟದ್ದು ಊರಾಚೆಯ ಹೆಂಗಸಿಗೆ ಗೊತ್ತು, ನನಗೆ ಗೊತ್ತಿಲ್ಲ. ಉಣಿಸಿದಳಂತೆ, ಉಣಿಸಿ!

ಆ ರಾತ್ರಿ ಊಟವಾದ ಮೇಲೆ ಇಬ್ಬರ ಗುಳಿಗೆಗಳನ್ನೂ ನಮ್ಮ ಮನೆಯವರ ಮುಂದಿಟ್ಟೆ. ಡಾಕ್ಟರಮ್ಮ ಕೊಟ್ಟಿದ್ದಾರೆ, ನೀವೂ ತಗೋಬೇಕಂತೆ ಎಂದೆ.

“ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ,” ಎಂದು ನಕ್ಕು, ನೀರಿನ ಲೋಟ ತೆಗೆದುಕೊಂಡರು.

ಆಗ ಹೇಳಿದೆ. ಈ ರೋಗ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬುದನ್ನು ಒಂದೂ ಬಿಡದೆ, ಅವರ ಮುಖವನ್ನೇ ನೋಡುತ್ತ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಕಾದಿದ್ದೆ. ಅವರು ಲೋಟ ಕೆಳಗಿಟ್ಟರು. ನೋಡಿದ್ದು ನನ್ನ ಹೆಗಲನ್ನು.

“ಮತ್ತ ನಿನಗ ಎಲ್ಲಿಂದ ಬಂತು?”

ತಪ್ಪು ಮಾಡಿದವನ ಬಾಯಿಂದ ಅಂಥ ಪ್ರಶ್ನೆ ಅಷ್ಟು ಪೆದ್ದಾಗಿ ಬರುವುದಿಲ್ಲ. ಇವರು ಎಲ್ಲಿಗೂ ಹೋದವರಲ್ಲ ಎಂದು ಆ ಗಳಿಗೆಯಲ್ಲೇ ನನಗೆ ಖಾತ್ರಿಯಾಯಿತು, ಜೀವ ಹಗುರಾಯಿತು. ಮರುಗಳಿಗೆಗೆ ಆ ಪ್ರಶ್ನೆ ಇನ್ನೂ ನನ್ನ ಮುಂದೆಯೇ ನಿಂತಿದೆ ಎಂಬುದು ತಿಳಿಯಿತು. ಯಾವಾಗ ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಡಾಕ್ಟರಮ್ಮನ ಮಾತನ್ನು ಹೇಳಿದೆ. ನನ್ನ ಬಾಯಲ್ಲಿ ಅದು ನೆವದಂತೆ ಕೇಳಿಸಿತು. ಅವರು ಗುಳಿಗೆ ನುಂಗಿದರು. ನಾನೂ ನುಂಗಿದೆ.

ಗುಳಿಗೆ ತನ್ನ ಕೆಲಸ ಮಾಡಿತು. ಉರಿ, ತುರಿಕೆ ಹೋದವು. ಅಸ್ತರಿನವನು ಬರುವ ದಿನ ನಮ್ಮ ಮನೆಯವರು ವರ್ಕ್‌ಶಾಪಿಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತರು. ಅವನಿಗೆ ಚಾ ಕೊಡು ಎನ್ನಲಿಲ್ಲ. ಎಷ್ಟು ವರ್ಷ ನಾನು ಬಯಸಿದ್ದು ಇದನ್ನೇ. ಆದರೂ ತಲೆ ತಗ್ಗಿಸಿ ಬಟ್ಟೆ ತೆಗೆದುಕೊಂಡು ಅವನನ್ನು ಬೇಗ ಕಳಿಸಿಬಿಟ್ಟೆ.

ಅವನ ಗಾಡಿಯ ಸದ್ದು ದೂರವಾದ ಮೇಲೆ ಇವರು ಕೇಳಿದರು, “ಯಾಕ, ಇವತ್ತ ನಗಲಿಲ್ಲಲಾ?”

ಆ ದನಿ ನನಗೆ ಗುರುತಿತ್ತು. ಇಷ್ಟು ವರ್ಷ ಅದು ನನ್ನದಾಗಿತ್ತು.