ಸೋರೆಕಾಯಿ ಕೂಸು

ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಇನ್ನೂ ನಮ್ಮೂರ ಒಳಗಿಂದಲೇ ಹಾದುಹೋಗುತ್ತಿದ್ದ ಕಾಲ. ಭಾರತೀನಗರದ ಸಕ್ಕರೆ ಕಾರ್ಖಾನೆಯಿಂದ ಗಾಳಿ ಬೀಸಿದರೆ ಊರಿಗೆ ಊರೇ ಸುಟ್ಟ ಬೆಲ್ಲದ ವಾಸನೆ ಹೊಡೆಯುತ್ತಿತ್ತು. ಟ್ರ್ಯಾಕ್ಟರ್ ತಿರುವಿನಲ್ಲಿ ನಿಧಾನವಾದರೆ ಸಾಕು, ನಾವು ಮಕ್ಕಳು ಹಿಂದಿನಿಂದ ಜೋತುಬಿದ್ದು ಕಬ್ಬು ಎಳೆಯುತ್ತಿದ್ದೆವು. ಚಿಕ್ಕಪ್ಪನೂ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಬೇಕೆಂದೇ ನಿಧಾನ ಮಾಡುತ್ತಿದ್ದ, ಪುಣ್ಯಾತ್ಮ.

ಆ ವರ್ಷ ಅಮ್ಮ ಬಸುರಿ. ನನಗೆ ಎಂಟೋ ಒಂಬತ್ತೋ. ತಮ್ಮನೇ ಹುಟ್ಟುತ್ತಾನೆ ಎಂದು ನಾನೇ ತೀರ್ಮಾನ ಮಾಡಿ, ಚಂದು ಎಂದು ಯಾರಿಗೂ ಹೇಳದೆ ಹೆಸರಿಟ್ಟಿದ್ದೆ. ಹಿತ್ತಲಿನ ಸೋರೆಕಾಯಿಯನ್ನು ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತಿ ಎತ್ತಿಕೊಳ್ಳುವುದನ್ನು ಕಲಿಯುತ್ತಿದ್ದೆ. ಅಮ್ಮ ಬಾಗಿಲಲ್ಲಿ ಕೂತು ನಗುತ್ತಿದ್ದಳು. "ಕುತ್ಗೆ ಇಡ್ಕೊ ಮಗ, ಕುತ್ಗೆ! ಅಂಗ್ ಬಿಟ್ರೆ ಕೂಸು ವಾಲ್ತದೆ."

ಮಂಡ್ಯದ ಆಸ್ಪತ್ರೆಗೆ ಹೋದ ಅಮ್ಮ ಬರಿಗೈಯಲ್ಲಿ ಬಂದಳು. ಹುಟ್ಟಿದ್ದು ತಮ್ಮನೇ. ಉಳಿಯಲಿಲ್ಲ. ಅಪ್ಪ ಯಾರಿಗೂ ಮುಖ ಕೊಡದೆ ಗದ್ದೆ ಕಡೆ ನಡೆದುಬಿಟ್ಟ.

ಆದರೂ ಮನೆಯಲ್ಲಿ ಬಾಣಂತನ ನಡೆಯಿತು. ಹಂಡೆಯಲ್ಲಿ ಬಿಸಿನೀರು, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಎಲ್ಲವೂ ಇತ್ತು, ಕೂಸೊಂದು ಇರಲಿಲ್ಲ. ಅಜ್ಜಿ ದಿನಾ ಮಲ್ಲಿಗೆ ಹೂವು ತಂದು ಅಮ್ಮನ ಎದೆಗೆ ಕಟ್ಟುತ್ತಿದ್ದಳು. ಹೂವು ಮುಡಿಗಲ್ಲದೆ ರವಿಕೆಯೊಳಗೇಕೆ ಎಂದು ನನಗೆ ತಿಳಿಯಲಿಲ್ಲ. ಹಾಲು ಬತ್ತಲಿ ಎಂದು ಹಾಗೆ ಮಾಡುತ್ತಾರೆಂದು ದೊಡ್ಡವಳಾದ ಮೇಲೆ ಗೊತ್ತಾಯಿತು.

ಅಮ್ಮ ಅಳುವಂತಿರಲಿಲ್ಲ. ಕಣ್ಣು ತುಂಬಿದರೆ ಅಜ್ಜಿ ಗದರುತ್ತಿದ್ದಳು. "ಎಸ್ರಿಕ್ದೇ ಇರೋ ಕೂಸ್ಗೆ ಕಣ್ಣೀರ್ ಆಕ್ಬಾರ್ದು ಕಣವ್ವ. ಆಕುದ್ರೆ ಮುಂದ್ಲುದೂ ನಿಲ್ಲಕ್ಕಿಲ್ಲ."

ನಾನು ಹೆಸರಿಟ್ಟಿದ್ದೆನಲ್ಲ! ಅದನ್ನು ಹೇಳಲಾರದೆ ಒಳಗೇ ಬೇಯುತ್ತಿದ್ದೆ. ಶಾಲೆಯಲ್ಲಿ ಕಂಡವರನ್ನು ಚಿವುಟಿದೆ, ಮುದ್ದೆ ಸೇರದಾಯಿತು, ಹೊಟ್ಟೆನೋವು ಶುರುವಾಯಿತು. "ಎಲ್ಲೋ ದಿಷ್ಟಿ ಸೋಕ್ಬುಟ್ಟದೆ" ಎಂದು ಅಜ್ಜಿ ಉಪ್ಪು, ಸಾಸಿವೆ, ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದು ಲೆಕ್ಕ. ಅವತ್ತು ಎಮ್ಮೆಯೂ ಸೇರಿ ಇಡೀ ಮನೆ ಕೆಮ್ಮಿತು. ಆದರೂ "ನೋಡು, ಬುಟ್ಟೋಯ್ತು" ಎಂದಳು ಅಜ್ಜಿ. ನೋವು ಮಾತ್ರ ಬಿಟ್ಟುಹೋಗಲಿಲ್ಲ.

ಚಿಕ್ಕಪ್ಪ ಭಾನುವಾರ ಭಾನುವಾರ ಮಳವಳ್ಳಿ ಕಡೆಯ ಬುದ್ಧವಿಹಾರಕ್ಕೆ, ಅಲ್ಲಿನ ಭಿಕ್ಷು ಭಂತೇಜಿಯ ಮಾತು ಕೇಳಲು ಹೋಗುತ್ತಿದ್ದ. ಬೆಳಗ್ಗೆ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ. "ಮಲಗಕ್ಕೂ ಸೋಮಾರಿತನ, ಕೂತ್ಕಂಡೇ ನಿದ್ದೆ ಮಾಡ್ತಾನೆ" ಎನ್ನುತ್ತಿದ್ದಳು ಅಜ್ಜಿ. ಒಂದು ಸಂಜೆ ಅವನು ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡ.

"ಎಲ್ಲಿ ನೋವು? ಕೈಯಿಕ್ಕಿ ತೋರ್ಸು."

ನನ್ನ ಕೈ ಹೊಟ್ಟೆಗೆ ಹೋಗದೆ ಎದೆಗೆ ಹೋಯಿತು.

"ನಮ್ ಭಂತೇಜಿ ಏಳ್ತಾರೆ ಕಣ್ಮಗ, ಸಂಕಟ ಅನ್ನೋದು ಒಳಗಡೆ ಅಳೋ ಕೂಸಂತೆ. ಅಳೋ ಕೂಸ್ಗೆ ಬಾಯ್ ಮುಚ್ಚುದ್ರೆ ಸುಮ್ಕಾಯ್ತದಾ?"

"ಇಲ್ಲ."

"ಇನ್ನೇನ್ ಮಾಡ್ಬೇಕು?"

"ಎತ್ಕಬೇಕು."

"ಅಷ್ಟೇಯ. ಎತ್ಕೊ. ಉಸ್ರು ಎಳ್ಕಂಡು ‘ನೀನ್ ಅಳ್ತಿದ್ದೀಯ, ನಂಗೊತ್ತು’ ಅನ್ನು. ಉಸ್ರು ಬುಟ್ಟು ‘ನಾನಿವ್ನಿ, ನಿನ್ ಪಕ್ಕದಲ್ಲೇ ಇವ್ನಿ’ ಅನ್ನು."

ನನ್ನ ತೋಳುಗಳು ತಾವಾಗಿಯೇ ಮಡಚಿಕೊಂಡವು, ಸೋರೆಕಾಯಿ ಎತ್ತಿಕೊಂಡ ಹಾಗೇ. ‘ನಾನಿವ್ನಿ’ ಎಂದೆ. ಮರುಗಳಿಗೆಯಲ್ಲೇ ಬಾಯಿ ಬಿಟ್ಟು ಅತ್ತೆ. "ನಂಗೆ ಚಂದು ಬೇಕಿತ್ತು!"

ಆ ಹೆಸರು ಕೇಳಿ ಅಮ್ಮ ಒಳಗಿನಿಂದ ಎದ್ದು ಬಂದಳು. "ಯಾರು ಮಗ ಚಂದು?" ಎಂದಳು. ಕೇಳುತ್ತಲೇ ಅವಳಿಗೆ ತಿಳಿದುಹೋಯಿತು. ನನ್ನನ್ನು ಮಡಿಲಿಗೆ ಎಳೆದುಕೊಂಡು ಚಂದೂ, ಚಂದೂ ಎಂದು ಅತ್ತಳು. ಅವಳ ಎದೆಯಲ್ಲಿ ಬಾಡಿದ ಮಲ್ಲಿಗೆಯ ವಾಸನೆ, ಹಾಲಿನ ವಾಸನೆ. ಅಜ್ಜಿ ಗದರಲು ಬಂದಳು. "ಬುಡವ್ವ, ಅಳ್ಲಿ" ಎಂದ ಚಿಕ್ಕಪ್ಪ.

ಅಜ್ಜಿ ಬಾಗಿಲು ಹಿಡಿದು ನಿಂತಳು. ಆಮೇಲೆ ಮೆಲ್ಲಗೆ ಅಮ್ಮನ ಪಕ್ಕ ಕೂತಳು. "ನನ್ ಕೂಸ್ಗಳೂ ಇಂಗೇ ಓದೋ ಕಣವ್ವ. ನಮ್ಮತ್ತೆ ನಂಗೂ ಅಳಕ್ ಬುಡ್ನಿಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆ ಗಟ್ಟಿಗಿತ್ತಿ ಅಳುವುದನ್ನು ನಾನು ಕಂಡದ್ದು ಅವತ್ತೇ. ಗದ್ದೆಯಿಂದ ಬಂದ ಅಪ್ಪ ಮೆಟ್ಟಿಲ ಮೇಲೆ ಕೂತುಕೊಂಡ.

ಅವತ್ತು ರಾತ್ರಿ ಊಟಕ್ಕೆ ಸೊಪ್ಪು ಬೇಯಿಸಿದ ಉಪ್ಪೆಸರು. ಅಮ್ಮ ಇನ್ನೊಂದು ಮುದ್ದೆ ಕೇಳಿದಳು. ನಾನೂ ಕೇಳಿದೆ. ಮನೆ ಹಗುರಾಗಿತ್ತು. ನೋವು ಒಂದೇ ಏಟಿಗೆ ಹೋಯಿತೆಂದಲ್ಲ. ಬಂದಾಗ ಎತ್ತಿಕೊಳ್ಳುವುದು ಗೊತ್ತಾಗಿತ್ತು.

ಈಗ ಟ್ರ್ಯಾಕ್ಟರುಗಳು ಊರಾಚೆಯ ರಸ್ತೆಯಲ್ಲೇ ಹೋಗುತ್ತವೆ. ಮನೆಯನ್ನು ಹೊಸದಾಗಿ ಕಟ್ಟುವಾಗ ಜಗಲಿ ಒಡೆದು ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಅಳುವವರ ಪಕ್ಕ ಸುಮ್ಮನೆ ಕೂರುವಂಥ ಜಾಗ ಹೊಸ ಮನೆಯಲ್ಲಿ ಎಲ್ಲೂ ಇಲ್ಲ. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಬಂದವರೆಲ್ಲ "ವಯಸ್ಸಾಗಿತ್ತು, ಅಳಬ್ಯಾಡಿ" ಎಂದು ಹೇಳಿ ಮೊಬೈಲು ನೋಡುತ್ತಾ ಕುರ್ಚಿಗಳಲ್ಲಿ ಕೂತರು.

ನಾನು ಒಂದು ಮೂಲೆ ಹಿಡಿದು ಕಣ್ಣು ಮುಚ್ಚಿದೆ. ತೋಳುಗಳು ತಾವಾಗಿಯೇ ಮಡಚಿಕೊಂಡವು. ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಯಿತು. ಅಮ್ಮ. ನನ್ನ ಬರಿದಾದ ತೋಳುಗಳನ್ನೇ ನೋಡಿ, ಅತ್ತು ಊದಿದ ಕಣ್ಣುಗಳಲ್ಲೇ ಸಣ್ಣಗೆ ನಕ್ಕಳು.

"ಕುತ್ಗೆ ಇಡ್ಕೊ ಮಗ," ಎಂದಳು, "ಕುತ್ಗೆ."